ತೆರೆಯ ಮೇಲಣ ಕೀಲಿಮಣೆಯೂ ಕನ್ನಡದ ಹಕ್ಕೂ

1953ನೆಯ ಇಸವಿಯ ಅಕ್ಟೋಬರ್ 1ರಂದು ಬಳ್ಳಾರಿಯು ಮದ್ರಾಸಿನ ಆಡಳಿತದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದುವು. ಸಿರುಗುಪ್ಪವೂ, ಅಂದು ಬಳ್ಳಾರಿ ತಾಲೂಕಿಗೆ ಸೇರಿದ್ದು ಇಂದು ತಾನೇ ತಾಲೂಕಾಗಿರುವ ಕುರುಗೋಡೂ ಕನ್ನಡ ನಾಡಿನಲ್ಲಿ ನೆಲೆ ನಿಂತುವು. ಕಚೇರಿಗೆ ಹೋದ ರೈತನು ತನ್ನ ಅರ್ಜಿಯನ್ನು ತನ್ನ ನುಡಿಯಲ್ಲಿಯೇ ಬರೆದುಕೊಡಬೇಕು, ಉತ್ತರವನ್ನೂ ಅದೇ ನುಡಿಯಲ್ಲಿ ಪಡೆಯಬೇಕು ಎಂಬುದೇ ಅಂದಿನ ಹಿರಿಯರ ಹೋರಾಟದ ತಿರುಳು. 1963ನೆಯ ರಾಜಭಾಷಾ ಅಧಿನಿಯಮವು ಆ ಬಯಕೆಗೆ ಕಾನೂನಿನ ಬಲವನ್ನಿತ್ತಿತು. ಇಷ್ಟಾದ ಮೇಲೆಯೂ ಆ ಹಕ್ಕಿನ ಹೊಸ್ತಿಲಿನಾಚೆಯೇ ಉಳಿದಿರುವ ನಮ್ಮ ಕೆಲವರು ಬಂಧುಗಳ ವಿಷಯವಾಗಿ ಇಂದು ವಾಚಕರೊಡನೆ ಎರಡು ಮಾತುಗಳನ್ನಾಡಬೇಕೆಂದಿದ್ದೇವೆ.

ಈಗ ಅರ್ಜಿಯು ಕಾಗದವನ್ನು ಬಿಟ್ಟು ಗಣಕಯಂತ್ರವನ್ನೇರಿದೆ. ಯಂತ್ರಕ್ಕೆ ಸಿಕ್ಕಿ ಬೆರಳುಗಳನ್ನು ಕಳೆದುಕೊಂಡವನು, ಪಾರ್ಶ್ವವಾಯುವಿನಿಂದ ಕೈ ಸೋತವನು, ಹುಟ್ಟಿನಿಂದಲೇ ಕೈಕಾಲುಗಳು ಸ್ವಾಧೀನದಲ್ಲಿಲ್ಲದ ಬಾಲಕಿ, ಇಂಥವರು ಸಾಮಾನ್ಯ ಕೀಲಿಮಣೆಯನ್ನು ಒತ್ತಲಾರರು. ಅವರಿಗಾಗಿಯೇ ಗಣಕದ ತೆರೆಯ ಮೇಲೆ ಚಿತ್ರರೂಪದ ಕೀಲಿಮಣೆಯೊಂದು ಇರುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಇದು ಎರಡು ದಶಕಗಳಿಗೂ ಮಿಗಿಲಾದ ಕಾಲದಿಂದ ಉಂಟು. ಮೌಸನ್ನು ಅಕ್ಷರದ ಮೇಲೆ ತಂದು ಒತ್ತಬಹುದು. ಒತ್ತಲಾಗದವರು ಅಲ್ಲಿಯೇ ಕ್ಷಣಕಾಲ ನಿಲ್ಲಿಸಿದರೆ ಸಾಕು. ಅದೂ ಆಗದವರಿಗೆ ಸಾಲುಗಳೂ ಅಕ್ಷರಗಳೂ ಒಂದಾದ ಮೇಲೊಂದು ತಾವಾಗಿ ಬೆಳಗುತ್ತ ಹೋಗುವ ಏರ್ಪಾಡಿದೆ, ಬೇಕಾದುದು ಬೆಳಗಿದಾಗ ಒಂದೇ ಒಂದು ಗುಂಡಿಯನ್ನು ಅದುಮಿದರಾಯಿತು. ಲೇಖನಿ ಹಿಡಿಯಲಾರದವರಿಗೆ ಇದೇ ಲೇಖನಿ.

ಆದರೆ ಈ ಲೇಖನಿಯು ಕನ್ನಡಿಗನ ಕೈಗೆ ಬರುವಷ್ಟರಲ್ಲಿ ಮೊಂಡಾಗುತ್ತದೆ. ಅದೇಕೆಂದರೆ, ಕನ್ನಡಕ್ಕಾಗಿ ರಚಿತವಾದ ಹಲವು ತಂತ್ರಾಂಶಗಳು ಗಣಕದ ಭಾಷಾವ್ಯವಸ್ಥೆಯೊಳಗೆ ಕನ್ನಡದ ಕೀಲಿಮಣೆಯಾಗಿ ನಮೂದಾಗುವುದಿಲ್ಲ. ಇಂಗ್ಲಿಷ್ ಕೀಲಿಗಳ ಹೊಡೆತವನ್ನು ನಡುವೆ ಹಿಡಿದು ಕನ್ನಡಕ್ಕೆ ತಿರುಗಿಸುತ್ತವೆ. ತೆರೆಯ ಮೇಲಣ ಕೀಲಿಮಣೆಯಾದರೋ ಭಾಷಾವ್ಯವಸ್ಥೆಯಲ್ಲಿ ನಮೂದಾದುದನ್ನೇ ತೋರಿಸತಕ್ಕದ್ದು. ಆದುದರಿಂದ ಚಿತ್ರದಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳು. ಕನ್ನಡವೊಂದನ್ನೇ ಓದಬಲ್ಲ ಸಿರುಗುಪ್ಪದ ರೈತನ ಮಗನು ಯಾವ ಇಂಗ್ಲಿಷ್ ಅಕ್ಷರದ ಹಿಂದೆ ಯಾವ ಕನ್ನಡ ಅಕ್ಷರವು ಅಡಗಿದೆಯೆಂದು ಬಾಯಿಪಾಠ ಮಾಡಬೇಕು!

ಗಣಕದಲ್ಲಿ ಮೊದಲೇ ಇರುವ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಆರಿಸಿಕೊಂಡರೆ ಚಿತ್ರದಲ್ಲಿ ಕನ್ನಡವೇನೋ ಕಾಣುತ್ತದೆ. ಆದರೆ ಲೆಕ್ಕವನ್ನು ನೋಡಿರಿ. ‘ಬಳ್ಳಾರಿ’ ಎಂಬುದು ಕಣ್ಣಿಗೆ ಮೂರಕ್ಷರ. ಅದರೊಳಗಣ ಸಂಕೇತಗಳು 7. ಳಕಾರಕ್ಕೆ ಎರಡು ಸಲವೂ ಶಿಫ್ಟ್ ಕೀಲಿಯನ್ನು ಬೇರೆಯಾಗಿ ಒತ್ತಬೇಕಾದ್ದರಿಂದ ಒತ್ತುಗಳು 9. ‘ಸಿರುಗುಪ್ಪ’ಕ್ಕೆ 9, ‘ಕುರುಗೋಡು’ ಎಂಬುದಕ್ಕೆ 8. ಇಂಗ್ಲಿಷಿನವರಿಗೆ ಎರಡು ಮೂರು ಅಕ್ಷರಗಳಾಗುತ್ತಲೇ ಪೂರ್ಣಪದವನ್ನು ಊಹಿಸಿ ಮುಂದಿಡುವ ಅನುಕೂಲವಿದೆ. ತಯಾರಕರ ಸೂಚನಾಪತ್ರದಲ್ಲಿ ಆ ಅನುಕೂಲಕ್ಕೆ ಹೆಸರಿಸಿದ್ದು ಇಂಗ್ಲಿಷ್, ಫ್ರೆಂಚ್, ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್ ಎಂಬ ಐದು ಭಾಷೆಗಳನ್ನು. ಕನ್ನಡದ ಹೆಸರು ಅಲ್ಲಿಲ್ಲ. ಆರೋಗ್ಯವಂತನ ಹತ್ತು ಬೆರಳುಗಳಿಗೆ 9 ಒತ್ತುಗಳು ಒಂದು ಲೆಕ್ಕವಲ್ಲ. ದೀಪವು ಸಾಲಿನಿಂದ ಸಾಲಿಗೆ ಸರಿಯುವುದನ್ನೇ ಕಾದು ಕುಳಿತವನಿಗೆ ಒಂದು ಊರಿನ ಹೆಸರೇ ಒಂದು ಪ್ರಯಾಣ. ಸಾಲದುದಕ್ಕೆ ಈ ಕೀಲಿಮಣೆಯು, ಬರೆಯಬೇಕಾದ ಅಂಕಣದ ಮೇಲೆಯೇ ಬಂದು ಕುಳಿತು ಅದನ್ನು ಮುಚ್ಚುವುದೂ ಉಂಟು.

ಬಾಯಿಂದ ಹೇಳಿದರೆ ಬರೆದುಕೊಳ್ಳುವ ಯಂತ್ರಗಳು ಬಂದಿವೆಯಲ್ಲ, ಇನ್ನು ಕೀಲಿಮಣೆಯ ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ಕೈ ಸೋತವರಲ್ಲಿ ಅನೇಕರಿಗೆ ಮಾತೂ ತೊಡರುವುದೆಂಬುದನ್ನು ಅವರು ನೆನೆಯಬೇಕು. ಮೇಲಾಗಿ, ಅಣ್ಣನು ಹೊಲವನ್ನು ಒತ್ತುವರಿ ಮಾಡಿದನೆಂದು ದೂರು ಕೊಡಬೇಕಾದ ಕುರುಗೋಡಿನ ಅಂಗವಿಕಲನೊಬ್ಬನು ಅದನ್ನು ಅದೇ ಅಣ್ಣನ ಮುಂದೆ ಗಟ್ಟಿಯಾಗಿ ಉಚ್ಚರಿಸಬೇಕೆ? ಇಲ್ಲವೆ ತನ್ನ ಮನೆಯ ಗುಟ್ಟನ್ನೆಲ್ಲ ಬೆರಳಚ್ಚಿನ ಅಂಗಡಿಯಲ್ಲಿ ಕುಳಿತವರ ಕಿವಿಗೆ ಹಾಕಬೇಕೆ? ತನ್ನ ಮಾತನ್ನು ತಾನೇ ಬರೆಯುವುದು ಸ್ವಾತಂತ್ರ್ಯದ ಮೊದಲನೆಯ ಮೆಟ್ಟಿಲು.

ಕಾನೂನಿಗೆ ಕೊರತೆಯಿಲ್ಲ. 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವು, ನಿತ್ಯೋಪಯೋಗದ ವಿದ್ಯುನ್ಮಾನ ಸಾಮಗ್ರಿಗಳು ಸರ್ವರಿಗೂ ಒದಗುವ ವಿನ್ಯಾಸದಲ್ಲಿ ದೊರೆಯುವಂತೆ ಮಾಡುವ ಹೊಣೆಯನ್ನು ಸರಕಾರದ ಮೇಲೆಯೇ ಹೊರಿಸಿದೆ. ಅದೇ ಅಧಿನಿಯಮದ 34ನೆಯ ಪ್ರಕರಣವು ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 4ಕ್ಕೆ ಕಡಿಮೆಯಿಲ್ಲದ ಮೀಸಲನ್ನು ವಿಧಿಸಿದೆ; ಕುರ್ಚಿಯನ್ನು ಕೊಟ್ಟು ಲೇಖನಿಯನ್ನು ಕೊಡದಿದ್ದರೆ ಆ ಮೀಸಲಿನಿಂದೇನು ಫಲ? 2025ನೆಯ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಪ್ರಜ್ಞಾ ಪ್ರಸೂನ್ ಮೊಕದ್ದಮೆಯಲ್ಲಿ, ಗಣಕಮಾರ್ಗದ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಅಡಗಿದೆಯೆಂದು ಸಾರಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು ಸುಮಾರು 13 ಲಕ್ಷ 24 ಸಾವಿರ ಮಂದಿ. ಅವರೆಲ್ಲರಿಗೂ ಈ ಸಾಧನವು ಬೇಕಾಗದು, ನಿಜ. ಬೇಕಾದವನೊಬ್ಬನೇ ಇದ್ದರೂ ಹಕ್ಕು ಹಕ್ಕೇ.

ಆದುದರಿಂದ ನಾವು ಸರಕಾರದವರ ಮುಂದೆ ಮೂರು ಸೂಚನೆಗಳನ್ನಿಡುತ್ತೇವೆ. ಕನ್ನಡ ತಂತ್ರಾಂಶಕ್ಕೆ ಬೊಕ್ಕಸದಿಂದ ಹಣ ತೆರುವಾಗ, ಅದು ಗಣಕದ ಭಾಷಾವ್ಯವಸ್ಥೆಯಲ್ಲಿ ನಮೂದಾಗಿ ತೆರೆಯ ಮೇಲೆ ಕನ್ನಡ ಅಕ್ಷರಗಳನ್ನೇ ತೋರಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಯಿಸಲಿ. ಕನ್ನಡ ಪದಗಳನ್ನು ಊಹಿಸಿ ಮುಂದಿಡುವ ಏರ್ಪಾಡನ್ನೂ, ಒತ್ತಕ್ಷರಗಳನ್ನು ಒಂದೇ ಒತ್ತಿಗೆ ಕೊಡುವ ಪಟ್ಟಿಯನ್ನೂ ಸಿದ್ಧಪಡಿಸಿ ಎಲ್ಲರಿಗೂ ಉಚಿತವಾಗಿ ಹಂಚಲಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ತಾಲೂಕು ಕಚೇರಿಗಳಲ್ಲಿ ಒಂದೊಂದು ಗಣಕವನ್ನು ಇದಕ್ಕಾಗಿ ಸಜ್ಜುಗೊಳಿಸಿ, ಅದು ಸರಿಯಾಗಿದೆಯೆ ಇಲ್ಲವೆ ಎಂಬುದನ್ನು ಅಧಿಕಾರಿಗಳಿಂದಲ್ಲ, ಕೈ ಸೋತವರಿಂದಲೇ ಪರೀಕ್ಷೆ ಮಾಡಿಸಲಿ.

ಇದಕ್ಕೆ ಬೇಕಾದ ಹಣ ಅಲ್ಪ, ವಿದ್ಯೆ ನಮ್ಮಲ್ಲಿಯೇ ಇದೆ. ಗಡಿಯ ಹೋರಾಟದಲ್ಲಿ ಗೆದ್ದ ಬಳ್ಳಾರಿಯ ಕನ್ನಡಿಗರು ಈ ಕೂಗನ್ನು ಮೊದಲು ಎತ್ತಲೆಂದು ನಾವು ಬೇಡುತ್ತೇವೆ. ಕನ್ನಡದಲ್ಲಿ ಬರೆಯಲಾರದ ಕನ್ನಡಿಗನು ಒಬ್ಬನುಳಿದರೂ 1953ರ ಕಾರ್ಯವು ಪೂರ್ಣವಾಯಿತೆಂದು ಹೇಳಲಾಗದು.