ಎಂಟು ಕಲೆಗಳ ವ್ಯತ್ಯಾಸ

ವಾಚನಾಲಯದ ಗೋಡೆಯ ಮೇಲಿರುವ ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿ. ಹಗಲಿರುಳು ಸಮನಾಗುವ ಮಾರ್ಚ್ 21ರಿಂದ ಮತ್ತೆ ಸಮನಾಗುವ ಸೆಪ್ಟೆಂಬರ್ 23ಕ್ಕೆ 186 ದಿನಗಳು. ಅಲ್ಲಿಂದ ಮುಂದಿನ ಮಾರ್ಚ್ 21ಕ್ಕೆ 179 ದಿನಗಳು ಮಾತ್ರ. ಎರಡು ಅವಧಿಗಳಲ್ಲಿಯೂ ಸೂರ್ಯನು ಆಕಾಶದಲ್ಲಿ ಸಾಗಿದಂತೆ ಕಾಣುವುದು ಸರಿಯಾಗಿ ಅರ್ಧ ಸುತ್ತು. ಹಾಗಿದ್ದರೆ ಈ ಏಳು ದಿನಗಳ ಅಂತರ ಏಕೆ? ಸೌರಮಾನ ಪಂಚಾಂಗವನ್ನು ಅನುಸರಿಸುವವರು ಇದನ್ನು ಬೇರೊಂದು ರೂಪದಲ್ಲಿ ಕಂಡಿರುತ್ತಾರೆ. ಮಿಥುನಮಾಸಕ್ಕೆ 31 ಅಥವಾ 32 ದಿನ, ಧನುರ್ಮಾಸಕ್ಕೆ 29 ಅಥವಾ 30. ನಡೆ ಸಮವಲ್ಲವೆಂಬುದನ್ನು ನಮ್ಮ ಹಿಂದಿನ ಸಿದ್ಧಾಂತಿಗಳೂ ಬಲ್ಲವರಾಗಿದ್ದರು; ‘ಮಂದಫಲ’ ಎಂಬ ತಿದ್ದುಪಡಿಯಿಂದ ಲೆಕ್ಕವನ್ನು ಸರಿದೂಗಿಸುತ್ತಿದ್ದರು. ಆದರೆ ದಾರಿಯ ನಿಜವಾದ ಆಕಾರವನ್ನು ಕಂಡುಹಿಡಿದವನು ಜರ್ಮನಿಯ ಯೋಹಾನ್ ಕೆಪ್ಲರ್.

ಕೆಪ್ಲರನು ಗ್ರಾಟ್ಸ್ ಪಟ್ಟಣದಲ್ಲಿ ಗಣಿತದ ಉಪಾಧ್ಯಾಯನಾಗಿದ್ದನು. ತನ್ನ ಪಂಥವನ್ನು ಬಿಡಲೊಪ್ಪದ ಕಾರಣ 1600ರಲ್ಲಿ ಹೆಂಡತಿ ಸಮೇತ ಊರು ಬಿಡಬೇಕಾಯಿತು. ಪ್ರಾಗಿನಲ್ಲಿ ಟೈಕೋ ಬ್ರಾಹೆ ಎಂಬ ಡೆನ್ಮಾರ್ಕಿನ ಶ್ರೀಮಂತನ ಕೈಕೆಳಗೆ ಕೆಲಸ ದೊರೆಯಿತು. ದೂರದರ್ಶಕವಿಲ್ಲದ ಆ ಕಾಲದಲ್ಲಿ ಟೈಕೋ ದೊಡ್ಡ ದೊಡ್ಡ ಕೋನಮಾಪಕಗಳನ್ನು ಕಟ್ಟಿಸಿ, ಗ್ರಹಗಳ ಸ್ಥಾನಗಳನ್ನು ಇಪ್ಪತ್ತು ವರ್ಷಗಳಿಗೂ ಮೀರಿ ಬರೆದಿಟ್ಟಿದ್ದನು. 1601ರಲ್ಲಿ ಆತ ತೀರಿಕೊಂಡಾಗ ದಫ್ತರವನ್ನೆಲ್ಲ ಕೆಪ್ಲರನೇ ವಶಪಡಿಸಿಕೊಂಡನು. ವಾರಸುದಾರರು ತಕರಾರು ಮಾಡದೆ ಇರಲಿಲ್ಲ.

ಅವನ ಪಾಲಿಗೆ ಬಂದದ್ದು ಮಂಗಳಗ್ರಹದ ಲೆಕ್ಕ. ಗ್ರಹದ ದಾರಿ ವೃತ್ತವೇ ಆಗಿರಬೇಕೆಂದು ಎರಡು ಸಾವಿರ ವರ್ಷಗಳಿಂದ ಎಲ್ಲರೂ ನಂಬಿದ್ದರು, ಅವನೂ ನಂಬಿದ್ದನು. ಸೂರ್ಯನನ್ನು ಕೇಂದ್ರದಿಂದ ಸ್ವಲ್ಪ ಸರಿಸಿಟ್ಟು, ಒಂದೇ ಲೆಕ್ಕವನ್ನು ಎಪ್ಪತ್ತು ಸಲವಾದರೂ ಮಾಡಿದ್ದಾಗಿ ಆತನೇ ಬರೆದಿದ್ದಾನೆ. ಕೊನೆಗೆ ಲೆಕ್ಕ ಹೊಂದಿತು. ಇನ್ನೆರಡು ಸ್ಥಾನಗಳನ್ನು ತಾಳೆ ನೋಡಿದಾಗ ಮಾತ್ರ ಎಂಟು ಕಲೆಗಳ ವ್ಯತ್ಯಾಸ ಕಂಡಿತು. ಒಂದು ಡಿಗ್ರಿಯ ಅರುವತ್ತನೆಯ ಭಾಗ ಒಂದು ಕಲೆ. ಎಂಟು ಕಲೆಯೆಂದರೆ ಹುಣ್ಣಿಮೆಯ ಚಂದ್ರನ ಅಗಲದ ಕಾಲುಭಾಗ.

ಕಚೇರಿಯಲ್ಲಿ ಖಾತೆ ಬರೆಯುವವರಿಗೆ ಈ ಸಂಕಟ ಗೊತ್ತು. ಇಷ್ಟು ಸಣ್ಣ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗೋಣವೆನಿಸುತ್ತದೆ. ಪ್ರಾಚೀನರ ಅಳತೆಗಳಲ್ಲೇ ಹತ್ತು ಕಲೆ ತಪ್ಪಿರುತ್ತಿತ್ತು, ಬಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೆ ಟೈಕೋ ಎಂಟು ಕಲೆ ತಪ್ಪುವವನಲ್ಲವೆಂದು ಕೆಪ್ಲರನಿಗೆ ಗೊತ್ತಿತ್ತು. ಅಳತೆ ಸರಿ, ಹಾಗಾದರೆ ನಂಬಿಕೆಯೇ ತಪ್ಪು ಎಂದು ತೀರ್ಮಾನಿಸಿ, ವರ್ಷಗಳ ದುಡಿಮೆಯನ್ನು ಬದಿಗೊತ್ತಿ ಮತ್ತೆ ಮೊದಲಿಂದ ತೊಡಗಿದನು.

ದೊರೆತದ್ದು ದೀರ್ಘವೃತ್ತ. ಹಲಗೆಗೆ ಎರಡು ಮೊಳೆ ಹೊಡೆದು, ಸಡಿಲವಾದ ದಾರದ ಕುಣಿಕೆಯನ್ನು ಅವುಗಳ ಸುತ್ತ ಹಾಕಿ, ಪೆನ್ಸಿಲಿನಿಂದ ಬಿಗಿಹಿಡಿದು ಸುತ್ತಿಸಿದರೆ ಬರುವ ಗೆರೆ ಅದು. ಸೂರ್ಯನಿರುವುದು ಒಂದು ಮೊಳೆಯ ಜಾಗದಲ್ಲಿ. ಇನ್ನೊಂದರಲ್ಲಿ ಏನೂ ಇಲ್ಲ. ಪಠ್ಯಪುಸ್ತಕಗಳು ಇದನ್ನು ಸೌತೆಕಾಯಿಯಂತೆ ಬರೆದು ಮಕ್ಕಳ ತಲೆ ಕೆಡಿಸುತ್ತವೆ. ಮಂಗಳನ ದಾರಿ 1000 ಅಂಗುಲ ಉದ್ದವಾದರೆ ಅಗಲ ಸುಮಾರು 996, ಕಣ್ಣಿಗೆ ವೃತ್ತವೇ. ಅಷ್ಟು ಸಣ್ಣ ಸೊಟ್ಟನ್ನು ಬರಿಯ ಅಂಕಿಗಳಿಂದ ಹಿಡಿದದ್ದು ಕೆಪ್ಲರನ ಹಿರಿಮೆ.

1609ರಲ್ಲಿ ಇದರೊಂದಿಗೇ ಪ್ರಕಟವಾದದ್ದು ಎರಡನೆಯ ನಿಯಮ. ಸೂರ್ಯನಿಂದ ಗ್ರಹಕ್ಕೆ ಒಂದು ಹಗ್ಗ ಕಟ್ಟಿದೆಯೆಂದು ಭಾವಿಸಿ. ಗ್ರಹ ನಡೆದಂತೆ ಹಗ್ಗ ಬಯಲನ್ನು ಗುಡಿಸುತ್ತ ಹೋಗುತ್ತದೆ. ಮೂವತ್ತು ದಿನಗಳಲ್ಲಿ ಗುಡಿಸುವ ಬಯಲು ವರ್ಷದ ಯಾವ ಭಾಗದಲ್ಲಾದರೂ ಅಷ್ಟೇ. ಹಗ್ಗ ಗಿಡ್ಡವಾದಾಗ ಬೇಗ ನಡೆಯಲೇಬೇಕು. ಭೂಮಿಯು ಸೂರ್ಯನಿಗೆ ಸಮೀಪವಿರುವುದು ಜನವರಿಯ ಮೊದಲಲ್ಲಿ, 14.7 ಕೋಟಿ ಕಿಲೋಮೀಟರು. ದೂರವಿರುವುದು ಜುಲೈ ಮೊದಲಲ್ಲಿ, 15.2 ಕೋಟಿ. ಕ್ಯಾಲೆಂಡರಿನ ಏಳು ದಿನಗಳು ಹೋದದ್ದು ಇಲ್ಲಿಯೇ.

ಮೂರನೆಯ ನಿಯಮ 1619ರಲ್ಲಿ ಅಚ್ಚಾಯಿತು. ಆ ವರ್ಷಗಳಲ್ಲಿ ಅವನ ಮುದಿ ತಾಯಿಯ ಮೇಲೆ ಮಾಟಗಾತಿಯೆಂಬ ಮೊಕದ್ದಮೆ ನಡೆಯುತ್ತಿತ್ತು. ಗ್ರಹ ಒಂದು ಸುತ್ತು ಮುಗಿಸುವ ಕಾಲದ ವರ್ಗವು ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆಂಬುದು ಎಲ್ಲರಿಗೂ ಗೊತ್ತಷ್ಟೆ? ಹನ್ನೆರಡು ರಾಶಿಗೆ ಹನ್ನೆರಡು ವರ್ಷ. ಹನ್ನೆರಡರ ವರ್ಗ 144. ಯಾವ ಸಂಖ್ಯೆಯ ಘನ 144? ಸುಮಾರು 5.24. ಭೂಮಿಗಿಂತ ಗುರು ಸೂರ್ಯನಿಂದ ಅಷ್ಟು ಪಟ್ಟು ದೂರವೆಂದಾಯಿತು. ಇಂದಿನ ಅಳತೆ 5.2. ಶನಿಯು ರಾಶಿಗೆ ಎರಡೂವರೆ ವರ್ಷ ತೆಗೆದುಕೊಳ್ಳುತ್ತಾನೆ. ಆ ಲೆಕ್ಕವನ್ನು ವಾಚಕರೇ ಮಾಡಬಹುದು.

ಈ ಮೂರೂ ನಿಯಮಗಳು ಗುರುತ್ವಾಕರ್ಷಣೆಯೊಂದರಿಂದಲೇ ಹೊರಡುತ್ತವೆಂದು ನ್ಯೂಟನ್ 1687ರಲ್ಲಿ ತೋರಿಸಿದನು. ಕೆಪ್ಲರನು ಅದನ್ನು ಕಾಣಲಿಲ್ಲ. ಚಕ್ರವರ್ತಿಯ ಗಣಿತಜ್ಞನೆಂಬ ಪದವಿಯಿದ್ದರೂ ಸಂಬಳ ಎಂದೂ ಸರಿಯಾಗಿ ಕೈಸೇರಲಿಲ್ಲ. ಬರಬೇಕಾಗಿದ್ದ ಹಣದ ವಸೂಲಿಗೆಂದು ರೆಗೆನ್ಸ್‌ಬರ್ಗಿಗೆ ಹೋದವನು, ಅಲ್ಲಿಯೇ ಜ್ವರ ಹಿಡಿದು 1630ರ ನವೆಂಬರ್ 15ರಂದು ತೀರಿಕೊಂಡನು.