ಕಾವಲಿಗೆ ದೊಡ್ಡ ನಾಯಿ ತರುವ ಮುನ್ನ

ರಾಯದುರ್ಗ, ಮಡಕಶಿರಾ ಕಡೆಯ ರೈತ ಕುಟುಂಬಗಳಿಗೆ ನಾಯಿ ಹೊಸದಲ್ಲ. ಕುರಿರೊಪ್ಪದ ಬಾಗಿಲಲ್ಲಿ, ಕಡಲೆಕಾಯಿ ಕಣದಲ್ಲಿ ಮಲಗಿರುವ ನಾಟಿ ನಾಯಿಯನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. ಆದರೆ ಬೋರ್‌ವೆಲ್ಲಿನ ಮೋಟಾರು, ಕೇಬಲ್ಲು ಕಳುವಾಗುತ್ತದೆಂಬ ಭಯಕ್ಕೆ ಪಟ್ಟಣದಿಂದ ರಾಟ್‌ವೀಲರ್, ಡಾಬರ್‌ಮನ್, ಜರ್ಮನ್ ಶೆಪರ್ಡ್‌ನಂಥ ಬಲಿಷ್ಠ ತಳಿಯ ಮರಿ ತರುವ ಆಸೆ ಕೆಲವರಿಗಿದೆ. ಮರಿ ತರುವುದು ಸುಲಭ, ಸಾಕುವುದು ಹತ್ತು ವರ್ಷದ ಜವಾಬ್ದಾರಿ. ಆದ್ದರಿಂದ ಕೆಲವು ಮಾತುಗಳನ್ನು ಮೊದಲೇ ತಿಳಿದಿರೋಣ.

ತಳಿಯ ಗುಣ, ನಮ್ಮ ಬಿಸಿಲು

ರಾಟ್‌ವೀಲರ್ ಜರ್ಮನಿಯ ತಳಿ. ಅಲ್ಲಿ ಅದು ದನಗಳನ್ನು ಸಂತೆಗೆ ಅಟ್ಟುತ್ತಿತ್ತು, ಮಾಂಸದ ವ್ಯಾಪಾರಿಗಳ ಗಾಡಿ ಎಳೆಯುತ್ತಿತ್ತು. ಬೆಳೆದ ಗಂಡು ನಾಯಿ 50 ರಿಂದ 60 ಕೆ.ಜಿ. ತೂಗುತ್ತದೆ. ಅದು ಸರಪಳಿ ಎಳೆದರೆ ಮನೆಯ ಹೆಣ್ಣುಮಕ್ಕಳಾಗಲಿ ವಯಸ್ಸಾದವರಾಗಲಿ ಹಿಡಿದು ನಿಲ್ಲಿಸಬಲ್ಲರೇ ಎಂದು ಮೊದಲು ಯೋಚಿಸಬೇಕು. ಮುಧೋಳ ನಾಯಿ ನಮ್ಮ ನಾಡಿನದೇ ಆದರೂ ಅದು ಬೇಟೆಯ ನಾಯಿ. ಓಡುವುದನ್ನು ಕಂಡರೆ ಅಟ್ಟುವುದು ಅದರ ಹುಟ್ಟುಗುಣ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದು ನಾಲಿಗೆ ಚಾಚಿ ತೇಕುತ್ತಲೇ ಮೈ ತಣಿಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಕಪ್ಪು ಮೈಯ ಭಾರೀ ನಾಯಿಯನ್ನು ತಗಡಿನ ಶೀಟಿನ ಕೆಳಗೆ ಕಟ್ಟಿಹಾಕಿದರೆ ಅದರ ಪ್ರಾಣಕ್ಕೇ ಅಪಾಯ. ಮರದ ನೆರಳು, ದಿನವಿಡೀ ತಣ್ಣೀರು ಇರಲೇಬೇಕು. ವಿಪರೀತ ತೇಕುತ್ತ, ಜೊಲ್ಲು ಸುರಿಸುತ್ತ ತೂರಾಡಿದರೆ ನೆರಳಿಗೆ ತಂದು ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ಮರಿಯಲ್ಲೇ ಕಲಿಸಬೇಕು

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಕಂಡ ಜನ, ಕುರಿ, ಕೋಳಿ, ಟ್ರ್ಯಾಕ್ಟರು ಸದ್ದು ಎಲ್ಲಕ್ಕೂ ಅದು ಸುಲಭವಾಗಿ ಹೊಂದಿಕೊಳ್ಳುತ್ತದೆ. ಆಗ ಯಾರನ್ನೂ ಕಾಣದೆ ಬೆಳೆದ ನಾಯಿ ಮುಂದೆ ಪ್ರತಿಯೊಬ್ಬರಿಗೂ ಹೆದರುತ್ತದೆ. ಹೆದರಿದ ನಾಯಿಯೇ ಕಚ್ಚುವ ನಾಯಿ.

"ಸದಾ ಕಟ್ಟಿದರೆ ಚುರುಕಾಗುತ್ತದೆ, ಖಾರ ತಿನ್ನಿಸಿದರೆ ರೋಷ ಬರುತ್ತದೆ" ಎನ್ನುವ ಮಾತನ್ನು ನಂಬಬೇಡಿ. ಖಾರ ಹೊಟ್ಟೆ ಕೆಡಿಸುತ್ತದೆ, ಅಷ್ಟೇ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಂಗಳದಲ್ಲಿ ಸರಪಳಿಗೆ ಕಟ್ಟಿದ ನಾಯಿಗಳೂ ಸಂತಾನಹರಣ ಚಿಕಿತ್ಸೆ ಮಾಡಿಸದ ನಾಯಿಗಳೂ ಕಚ್ಚಿದವುಗಳಲ್ಲಿ ಹೆಚ್ಚಾಗಿ ಕಂಡುಬಂದವು. ಸುತ್ತ ಬೇಲಿ ಹಾಕಿದ ಜಾಗ, ದಿನಕ್ಕೆರಡು ಸಲ ನಡೆದಾಟ, ಮನೆಯವರೆಲ್ಲರ ಮಾತು ಕೇಳುವ ಅಭ್ಯಾಸ, ಇವು ಸರಪಳಿಗಿಂತ ಒಳ್ಳೆಯವು. ಗುಡ್ಡದ ಬದಿಯ ಹೊಲದಲ್ಲಿ ರಾತ್ರಿ ಕಟ್ಟಿಬಿಟ್ಟ ನಾಯಿ ಚಿರತೆಗೆ ಸುಲಭದ ತುತ್ತು ಎಂಬುದನ್ನೂ ಮರೆಯಬಾರದು. ಎಷ್ಟೇ ಸಾಧು ನಾಯಿಯಾದರೂ ಚಿಕ್ಕ ಮಕ್ಕಳೊಂದಿಗೆ ಅದನ್ನು ಒಂಟಿಯಾಗಿ ಬಿಡಬಾರದು.

ಕುರಿ ಕೊಯ್ದಾಗ ಎಚ್ಚರ

ಹಬ್ಬಕ್ಕೆ ಕುರಿ ಕೊಯ್ದಾಗ ಹಸಿ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವುದು ನಮ್ಮಲ್ಲಿ ರೂಢಿ. ಆ ಅಂಗಗಳಲ್ಲಿ ನೀರುಗುಳ್ಳೆಗಳಿದ್ದರೆ ಅವುಗಳಿಂದ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳುಗಳು ಬೆಳೆಯುತ್ತವೆ. ಅವುಗಳ ಮೊಟ್ಟೆ ನಾಯಿಯ ಮಲದಿಂದ ಕೈಗೆ, ಸೊಪ್ಪಿಗೆ, ನೀರಿಗೆ ಸೇರಿ ನಮ್ಮ ಹೊಟ್ಟೆಗೆ ಹೋದರೆ ವರ್ಷಗಳ ನಂತರ ನಮ್ಮ ಈಲಿಯಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಗಡ್ಡೆಯಾಗುತ್ತದೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಆದ್ದರಿಂದ ಹಸಿ ಅಂಗಗಳನ್ನು ಆಳವಾಗಿ ಹೂಳಿ, ಇಲ್ಲವೇ ಚೆನ್ನಾಗಿ ಬೇಯಿಸಿ ಹಾಕಿ. ನಾಯಿಗೆ ಜಂತುಹುಳುವಿನ ಔಷಧಿಯನ್ನು ಪಶುವೈದ್ಯರು ಹೇಳಿದ ಪ್ರಕಾರ ತಪ್ಪದೆ ಕೊಡಿ. ಬರಿಯ ಮುದ್ದೆ, ಅಂಬಲಿಯಿಂದ ದೊಡ್ಡ ನಾಯಿ ಬೆಳೆಯದು. ಮೊಟ್ಟೆ, ಬೇಯಿಸಿದ ಮಾಂಸ ಬೇಕು. ಈ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಿ.

ಹುಚ್ಚುನಾಯಿ ರೋಗ

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆಂದು ಅಂದಾಜು. ಅದರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ನಮ್ಮ ದೇಶದ್ದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ಪ್ರತಿವರ್ಷ ಹಾಕಿಸಿ, ಚೀಟಿ ಜೋಪಾನವಾಗಿಡಿ.

ನಾಯಿ ಕಚ್ಚಿದರೆ, ಸ್ವಂತ ನಾಯಿಯೇ ಆಗಿರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಸೀಮೆಎಣ್ಣೆ, ಎಲೆರಸ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಹಿರಿಯರು ಈಗಲೂ ಹೆದರುತ್ತಾರೆ. ಆ ಹಳೆಯ ಲಸಿಕೆ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ಚರ್ಮದೊಳಗೆ ಹಾಕುವುದಾದರೆ 0, 3, 7, 28ನೇ ದಿನ, ತೋಳಿನ ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು ಸಲ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿಯೂ ಬೇಕು. ಒಂದು ಸೂಜಿಯನ್ನೂ ತಪ್ಪಿಸಬೇಡಿ.

ಕಾನೂನು

ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳ ಮಾರಾಟ, ಸಾಕಣೆಗೆ ಅನುಮತಿ ಕೊಡಬಾರದೆಂದು ಕೇಂದ್ರ ಸರ್ಕಾರ 2024ರ ಮಾರ್ಚಿಯಲ್ಲಿ ರಾಜ್ಯಗಳಿಗೆ ಬರೆದಿತ್ತು. ಕರ್ನಾಟಕ ಹೈಕೋರ್ಟು ಏಪ್ರಿಲಿನಲ್ಲಿ ಅದನ್ನು ರದ್ದುಮಾಡಿತು. ಹಾಗೆಂದು ಜವಾಬ್ದಾರಿ ತಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ಸಾಕಿದ ಪ್ರಾಣಿಯಿಂದ ಜೀವಾಪಾಯವಾಗದಂತೆ ಎಚ್ಚರ ವಹಿಸದವರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ರೂ. 5,000ದವರೆಗೆ ದಂಡ, ಅಥವಾ ಎರಡೂ ಆಗಬಹುದು. ಮರಿ ತರುವ ಮೊದಲು ಪಂಚಾಯತಿಯಲ್ಲೂ ವಿಚಾರಿಸಿ.

ಜಾಗ, ಸಮಯ, ಹಣ, ಹಿಡಿತ, ಈ ನಾಲ್ಕೂ ಇದ್ದರೆ ದೊಡ್ಡ ನಾಯಿ ತನ್ನಿ. ಒಂದು ಕಡಿಮೆಯಿದ್ದರೂ ಲಸಿಕೆ ಹಾಕಿಸಿದ ಎರಡು ನಾಟಿ ನಾಯಿಗಳೇ ಸಾಕು. ನಮ್ಮ ಬಿಸಿಲು, ನಮ್ಮ ಊಟ ಅವಕ್ಕೆ ಒಗ್ಗಿದೆ. ಅಪರಿಚಿತರು ಬಂದರೆ ಬೊಗಳಿ ಮನೆಯವರನ್ನು ಎಬ್ಬಿಸುತ್ತವೆ. ಕಾವಲಿಗೆ ಬೇಕಾದದ್ದು ಬಹುಮಟ್ಟಿಗೆ ಅಷ್ಟೇ.