‘ರಿಸೆನ್ಷನ್’ : ಒಂದು ಪದದ ವಿಚಾರ

ತಿದ್ದುವುದೆಂಬ ಅರ್ಥದಲ್ಲಿ ಇಂಗ್ಲಿಷಿನ ‘ರಿವಿಷನ್’ ಪದವು ಎಲ್ಲರಿಗೂ ಪರಿಚಿತವಾದುದು. ‘ರಿಸೆನ್ಷನ್’ ಎಂಬುದಾದರೋ ವಿದ್ವಾಂಸರ ಬರಹಗಳಲ್ಲಿಯೇ ಹೆಚ್ಚಾಗಿ ಕಾಣಬರುವ ಪದ. ಇದರ ಮೂಲವು ಲ್ಯಾಟಿನ್ ಭಾಷೆಯ ‘ರೆಕೆನ್ಸೇರೆ’. ‘ರೆ’ ಎಂದರೆ ಮತ್ತೆ. ‘ಕೆನ್ಸೇರೆ’ ಎಂದರೆ ಬೆಲೆಕಟ್ಟು, ಗಣಿಸು. ಪ್ರಾಚೀನ ರೋಮಿನಲ್ಲಿ ಪ್ರಜೆಗಳನ್ನೂ ಅವರ ಆಸ್ತಿಯನ್ನೂ ಗಣಿಸುತ್ತಿದ್ದ ಅಧಿಕಾರಿಯೇ ‘ಸೆನ್ಸಾರ್’. ಜನಗಣತಿಗೆ ಸಲ್ಲುವ ‘ಸೆನ್ಸಸ್’ ಎಂಬ ಮಾತೂ ಇದೇ ಧಾತುವಿನಿಂದ ಬಂದಿದೆ.

ಆದುದರಿಂದ ಈ ಪದದಲ್ಲಿ ತಿದ್ದುವುದಕ್ಕೆ ಮೊದಲು ಎಣಿಸಿ ತೂಗುವ ಕಾರ್ಯವು ಅಡಗಿದೆ. ಜರ್ಮನ್ ವಿದ್ವಾಂಸ ಕಾರ್ಲ್ ಲಾಖ್ಮನ್ನನ (1793–1851) ಹೆಸರಿನೊಡನೆ ಪ್ರಸಿದ್ಧವಾದ ಗ್ರಂಥಸಂಪಾದನ ಪದ್ಧತಿಯಲ್ಲಿ, ದೊರೆತ ಹಸ್ತಪ್ರತಿಗಳನ್ನು ಮೊದಲು ಹೋಲಿಸಿ ಅವುಗಳ ಪರಸ್ಪರ ಸಂಬಂಧವನ್ನು ನಿರ್ಣಯಿಸಬೇಕು. ದೋಷವನ್ನು ತಿದ್ದುವುದು ಅನಂತರದ ಮಾತು. ಹೀಗೆ ಪರಿಷ್ಕರಿಸಿದ ಪಾಠಕ್ಕೂ, ಒಂದು ಗ್ರಂಥದ ಭಿನ್ನ ಪಾಠಪರಂಪರೆಗೂ ‘ರಿಸೆನ್ಷನ್’ ಎಂಬುದೇ ಹೆಸರು.

ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯು ಇದಕ್ಕೆ ಉಜ್ವಲ ನಿದರ್ಶನ. ಅಲ್ಲಿ ಔತ್ತರೇಯ, ದಾಕ್ಷಿಣಾತ್ಯ ಪಾಠಗಳೆರಡನ್ನೂ ತೂಗಿ ನೋಡಲಾಯಿತು. ಕೈಬಿಟ್ಟ ಪಾಠಗಳನ್ನು ಅಳಿಸಿಹಾಕದೆ ಅಡಿಟಿಪ್ಪಣಿಗಳಲ್ಲಿಯೂ ಅನುಬಂಧಗಳಲ್ಲಿಯೂ ಉಳಿಸಲಾಯಿತು. ಸಂಪಾದಕರ ನಿರ್ಣಯವನ್ನು ಒಪ್ಪದವನು ಆಧಾರಗಳನ್ನು ತಾನೇ ಪರೀಕ್ಷಿಸಬಹುದು.

ತನಗೆ ರುಚಿಸದ ಪಾಠವನ್ನು ಸದ್ದಿಲ್ಲದೆ ಅಳಿಸುವವನು ಹಿಂದಿನವರ ಮಾತನ್ನು ಮುಂದಿನವರಿಗೆ ಇಲ್ಲದಂತೆ ಮಾಡುತ್ತಾನೆ. ಮತ್ತೆ ಎಣಿಸಿ, ತೂಗಿ, ಕಾರಣ ತೋರಿ ತಿದ್ದುವುದೇ ಪರಿಷ್ಕರಣ. ವಿದ್ಯಾರ್ಥಿಗಳು ಈ ಭೇದವನ್ನು ಮನಗಾಣುವುದು ಅವಶ್ಯ.